ಅಗಲ ಬಾಯಿ

ಅಪ್ಪ ಗಾಜು ಊದುವವನು,
ನೊವಿ ಬೋರಿನ ಮೂರನೇ ಕುಲುಮೆಯಲ್ಲಿ.
ದಿನಕ್ಕೆ ಇನ್ನೂರು ಮುನ್ನೂರು ಬಿಯರ್ ಗ್ಲಾಸು.
ಅರ್ಧ ಲೀಟರಿನ ಗೆರೆಯ ತನಕ
ಮೊದಲು ತುಂಬಿದ್ದು ಅವನ ಉಸಿರು.
ಕುಡಿಯುವುದು ಮಾತ್ರ ಬಾಟಲಿಯಿಂದ.

ಅಮ್ಮನಿಗೆ ಇದು ಊರೆದುರಿನ ಅವಮಾನ.
ಲಿಬುಶೆ ಅಂದರೆ ಯಾರು!
ರಾಡಿಮನ ಬಿಯರಂಗಡಿಯಲ್ಲಿ ನಲ್ಲಿ ಹಿಡಿದವಳು,
ಗ್ಲಾಸನ್ನು ತಣ್ಣೀರಲ್ಲದ್ದಿ ಓರೆ ಮಾಡಿ
ಮೊದಲು ನೊರೆ, ನೊರೆಯ ಅಡಿಗೆ ಬಿಯರು,
ಮೇಲೆ ಮೂರು ಬೆರಳು ಬಿಳುಪು ನಿಲ್ಲಿಸುವವಳು.
ತೊಳೆದ ಗ್ಲಾಸಿಗೆ ಬಟ್ಟೆ ತಾಕಿಸಕೂಡದು,
ತುಟಿಬಣ್ಣದವರದ್ದು ಎರಡು ಸಲ ತೊಳೆಯಬೇಕು,
ಜಿಡ್ಡಿದ್ದಲ್ಲಿ ನೊರೆಗೆ ನೆಲೆಯಿಲ್ಲ.
ಕುಡಿದಿಟ್ಟ ಗ್ಲಾಸಿನ ಒಳಮೈಯಲ್ಲಿ
ಒಂದೊಂದು ಗುಟುಕಿಗೆ ಒಂದೊಂದು ನೊರೆಯ ಬಳೆ.
ಎಣಿಸಿ ಹೇಳುತ್ತಿದ್ದಳು:
ಇವನಿಗೆ ಅವಸರ, ಇವನಿಗೆ ಮನೆ ಬೇಡ,
ಇವನು ಇವತ್ತು ಯಾರನ್ನೋ ಕಾಯುತ್ತಿದ್ದ.

'ಬಾಟಲಿಯಲ್ಲಿ ಏನು ಕಾಣುತ್ತೆ ನಿಂಗೆ?
ಕತ್ತಲು ಕುಡಿದ ಹಾಗೆ.
ನಾಲಿಗೆಗೆ ಊಟ, ಮೂಗಿಗೆ ಉಪವಾಸ.'

'ಗ್ಲಾಸು ನೋಡೋದು ನನ್ನ ಕೆಲಸ.
ಎಂಟು ಗಂಟೆ ನೋಡಿದ್ದೀನಿ,
ಮನೆಗೆ ಬಂದೂ ನೋಡಲಾ?'

ಹೀಗೆ ಇಪ್ಪತ್ತಾರು ವರ್ಷ,
ಒಂದೇ ಅಡುಗೆಮೇಜಿನ ಎರಡು ತುದಿ.

ಗಡಿ ತೆರೆದ ವರ್ಷ ನಾನು ಜರ್ಮನಿಯಿಂದ
ಆರು ಡಬ್ಬಿ ಬಿಯರು ತಂದೆ.
ಅಪ್ಪ ಒಂದನ್ನು ಕಿವಿಗಿಟ್ಟು ಅಲ್ಲಾಡಿಸಿದ.
'ಮೀನು,' ಅಂದ.
ಅಮ್ಮ ಉಗುರಿನಿಂದ ತಟ್ಟಿ ನೋಡಿ
'ಮೀನೇ,' ಅಂದಳು.
ಇಬ್ಬರೂ ಒಂದೇ ಪಕ್ಷದಲ್ಲಿದ್ದದ್ದು
ನನಗೆ ನೆನಪಿರುವಂತೆ ಆ ಸಂಜೆ ಒಂದೇ.
(ಆರನ್ನೂ ನಾನೇ ಕುಡಿದೆ. ಚೆನ್ನಾಗಿಯೇ ಇತ್ತು.)

ಆಮೇಲೆ ಕುಲುಮೆ ಆರಿಸಿದರು.
ಹಿತ್ತಲ ಮೆಟ್ಟಿಲ ಮೇಲೆ ಅಪ್ಪ, ಕಂದು ಬಾಟಲಿ,
ಗುಟುಕಿಗೂ ಗುಟುಕಿಗೂ ನಡುವೆ
ಬಾಟಲಿಯ ಬಾಯಿಗೆ ಅವನ ಹೆಬ್ಬೆರಳು.
ಗ್ಯಾಸು ಹೋಗದಿರಲಿ ಅಂತ ಅಂದುಕೊಂಡಿದ್ದೆ ಚಿಕ್ಕವಳಿದ್ದಾಗ,
ದೊಡ್ಡವಳಾದ ಮೇಲೆ ಏನೂ ಅಂದುಕೊಳ್ಳಲಿಲ್ಲ.
ನಲವತ್ತು ದಾಟಿದ ಮೇಲೆ ಒಮ್ಮೆ ಕೇಳಿದೆ.

'ಕುಲುಮೆ ಪಕ್ಕ ನಿಂತೇ ಕುಡಿಯುತ್ತಿದ್ದೆವು,' ಅಂದ.
'ಕಾರ್ಖಾನೆಯದೇ ಬಿಯರು, ನೀರು ನೀರು.
ಬೆವರಿದಷ್ಟೂ ಕುಡಿ ಅನ್ನುತ್ತಿದ್ದರು.
ಕೊಳವೆಯ ತುದಿಯಿಂದ ಗಾಜು ಮುರಿಯುವಾಗ
ಚೂರು ಹಾರುತ್ತೆ. ರೆಪ್ಪೆಕೂದಲಿಗಿಂತ ಸಣ್ಣದು.
ಬಿಯರೊಳಗೆ ಬಿದ್ದರೆ ಬಿಯರಿನ ಹಾಗೇ ಇರುತ್ತೆ.
ಎವ್ಜೆನ್ ಹೊಸಬ.
ತಾನೇ ಊದಿದ ಗ್ಲಾಸು, ಮೊದಲನೆಯದು,
ಅದರಲ್ಲೇ ಕುಡೀತೀನಿ ಅಂದ.'

ಅಷ್ಟೇ. ಹೆಬ್ಬೆರಳಿನ ತುದಿ
ಒತ್ತಿ ಒತ್ತಿ ಬೆಳ್ಳಗಾಗಿತ್ತು.

ಅಮ್ಮನಿಗೆ ಹೇಳಿದೆನೋ ಇಲ್ಲವೋ, ಈಗ ನೆನಪಿಲ್ಲ.
ಅವಳಿಗೆ ಗೊತ್ತಿತ್ತೋ ಏನೋ.
ರಾಡಿಮ ಅಂಗಡಿ ಮಾರಿದ ವಾರ
ಹಳೆಯ ಗ್ಲಾಸುಗಳ ರಾಶಿಯಿಂದ ಒಂದನ್ನು
ಏಪ್ರನ್ನಿನೊಳಗೆ ಸುತ್ತಿ ತಂದಳು.
ತಳದ ಹತ್ತಿರ ಎಳ್ಳಿನಷ್ಟು ಗುಳ್ಳೆ.
'ನಿನ್ನದೇ,' ಅಂದಳು. 'ಹದಿನೆಂಟು ವರ್ಷದಿಂದ
ಕೈಗೆ ಸಿಕ್ಕಾಗೆಲ್ಲ ನೋಡ್ತಿದ್ದೀನಿ.'
ಬಾಟಲಿ ಕಸಿದು, ಓರೆ ಹಿಡಿದು, ಸುರಿದಳು.
ಮೂರು ಬೆರಳು.

ಅಪ್ಪ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ.
ತಿರುಗಿಸಿದ. ಮತ್ತೆ ತಿರುಗಿಸಿದ.
ಜೇನಿನ ಬಣ್ಣ ಅವನ ಮೂಗಿನ ಮೇಲೆ ಬಿತ್ತು.
'ಎರಡನೇ ದರ್ಜೆ,' ಅಂದ.
'ಇದನ್ನ ಯಾವನು ಪಾಸು ಮಾಡಿದ?'
ನೊರೆ ಇಳಿಯುವ ತನಕ ನೋಡಿದ, ಕುಡಿಯಲಿಲ್ಲ.

ಅಮ್ಮ ಬೈಯಲಿಲ್ಲ.
ಗ್ಲಾಸು ಇಸಿದುಕೊಂಡು, ನಿಂತೇ,
ಒಂದು ದೊಡ್ಡ ಗುಟುಕು. ಒಂದು ಬಳೆ.
ಕೆಳಗಿಟ್ಟು ಒಲೆಯ ಕಡೆ ತಿರುಗಿದಳು.

ಅವಳು ತಿರುಗಿದ್ದೇ ತಡ
ಆ ಅಗಲ ಬಾಯಿಯ ಮೇಲೆ
ಅಪ್ಪ ಇಡೀ ಅಂಗೈ ಮುಚ್ಚಿದ,
ಹೆಬ್ಬೆರಳು ಸಾಲುತ್ತಿರಲಿಲ್ಲ.